ಕೊಬ್ರೀ, ಅವರಿಗೆ ಹೇಳು

ಪರಮೇಶಣ್ಣನ ಗಂಟಲಿಗೆ ತಿಪಟೂರಿನ ಖಾಸಗಿ ಬಸ್‌ಸ್ಟ್ಯಾಂಡು ಸಣ್ಣದಾಗಿತ್ತು. ಎಡಗೈಯನ್ನು ಕಿವಿಗೆ ಒತ್ತಿಕೊಂಡು "ನೊಣವಿನ್ಕೆರೆ ತುರುವೇಕೆರೆ, ತುರುವೇಕೆರೆ ತುರುವೇಕೆರೇ..." ಎಂದು ಅವರು ಕೂಗಿದರೆ, ರಸ್ತೆಯ ಆಚೆ ಬದಿಯ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವ ನನಗೆ ಗಿರಾಕಿ ಹೇಳಿದ ಮಾತ್ರೆಯ ಹೆಸರು ಕೇಳಿಸದೆ ಎರಡನೆಯ ಸಲ ಕೇಳಬೇಕಾಗುತ್ತಿತ್ತು. ಕೊಬ್ಬರಿ ಮಾರಿ ಊರಿಗೆ ಹೊರಟ ರೈತರು, ಕಾಲೇಜು ಬಿಟ್ಟ ಹುಡುಗಿಯರು, ಆಸ್ಪತ್ರೆಗೆ ಬಂದು ಹೋಗುವ ಮುದುಕಿಯರು, ಯಾರೂ ಬಸ್ಸಿನ ಬೋರ್ಡು ಓದುತ್ತಿರಲಿಲ್ಲ. ಪರಮೇಶಣ್ಣನ ದನಿ ಎಲ್ಲಿಂದ ಬರುತ್ತದೋ ಆ ಕಡೆಗೆ ನಡೆದರೆ ಬಸ್ಸು ಸಿಗುತ್ತಿತ್ತು.

ಅವರು ಬಸ್ ಏಜೆಂಟು. ಯಾವ ಬಸ್ಸಿನ ಮಾಲೀಕರೂ ಅಲ್ಲ, ಡ್ರೈವರೂ ಅಲ್ಲ, ಕಂಡಕ್ಟರೂ ಅಲ್ಲ. ಜನರನ್ನು ಕರೆದು ಹತ್ತಿಸುವುದು, ಬುಟ್ಟಿ ಮೂಟೆಗಳನ್ನು ಮೇಲಕ್ಕೆ ಎತ್ತಿಸುವುದು, ಹೊತ್ತಾದ ಕೂಡಲೇ ಬಸ್ಸಿನ ಬೆನ್ನಿಗೆ ಎರಡು ಸಲ ಬಡಿದು ಕಳಿಸುವುದು, ಇಷ್ಟೇ ಕೆಲಸ. ದಪ್ಪ ಮೀಸೆ, ಸಮವಸ್ತ್ರವಲ್ಲದ ಖಾಕಿ ಬಣ್ಣದ ಶರಟು. ಬೆಳಗ್ಗೆ ಹಣೆಗೆ ಹಚ್ಚಿಕೊಂಡ ವಿಭೂತಿಯ ಮೂರು ಗೆರೆ ಮಧ್ಯಾಹ್ನದ ಬೆವರಿಗೆ ಒಂದೂವರೆ ಆಗಿರುತ್ತಿತ್ತು. ಯಾರ ಮನೆಗೆ ಹೋದರೂ ಬಾಗಿಲಲ್ಲೇ ನಿಂತು "ಒಳಗೆ ಸೀಟ್ ಐತಾ?" ಎಂದು ಕೇಳುತ್ತಿದ್ದರು. ವಯಸ್ಸೆಷ್ಟು ಎಂದು ಯಾರಾದರೂ ಕೇಳಿದರೆ, "ಇನ್ನೂ ಸ್ಟ್ಯಾಂಡಲ್ಲೇ ಇವ್ನಿ ಬುಡಪ್ಪ, ಗಾಡಿ ಬುಟ್ಟಿಲ್ಲ" ಎನ್ನುತ್ತಿದ್ದರು.

ನಾವು ಅವರ ಪಕ್ಕದ ಮನೆಗೆ ಬಾಡಿಗೆಗೆ ಬಂದಾಗ, ಈ ಗಂಟಲಿನ ಗೋಡೆಯಾಚೆ ಬದುಕುವುದು ಹೇಗಪ್ಪಾ ಎಂದು ನಮ್ಮ ಯಜಮಾನರು ತಲೆ ಮೇಲೆ ಕೈಹೊತ್ತಿದ್ದರು. ಆದರೆ ಪರಮೇಶಣ್ಣ ತಮ್ಮ ಮನೆಯ ಗೇಟು ದಾಟಿದ ಮೇಲೆ ಒಂದು ಮಾತೂ ಕೇಳಿಸುತ್ತಿರಲಿಲ್ಲ. ಪಾತ್ರೆಯ ಸದ್ದು, ನಲ್ಲಿಯ ಸದ್ದು, ಟೀವಿಯಲ್ಲಿ ವಾರ್ತೆ, ಅಷ್ಟೇ. ಒಂದು ವಾರ ಕಳೆದ ಮೇಲೆ ನನಗೆ ತಿಳಿಯಿತು. ಆ ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟಿದ್ದರು.

ಕಾರಣ ಒಂದು ತೆಂಗಿನ ಮರ. ಅವರ ಹೆಂಡತಿ ಕಮಲಕ್ಕನೇ ಒಂದು ದಿನ ಅವರೆಕಾಯಿ ಸುಲಿಯುತ್ತಾ ನನಗೆ ಹೇಳಿದರು. ಮಗಳು ಹುಟ್ಟಿದ ವರ್ಷ ಹಿತ್ತಲಲ್ಲಿ ನೆಟ್ಟ ಸಸಿ ಅದು. ಮಗು ನಡೆಯಲು ಕಲಿಯುವ ಮೊದಲೇ ಜ್ವರ ಬಂದು ತೀರಿಕೊಂಡಿತು. ಮತ್ತೆ ಮಕ್ಕಳಾಗಲಿಲ್ಲ. ಸಸಿ ಮಾತ್ರ ಬೆಳೆದು ಮರವಾಗಿ, ಫಲ ಬಿಟ್ಟು, ಮನೆಯ ಮೇಲಕ್ಕೆ ಬಾಗಿತು. ಆಮೇಲೆ ರೋಗ ಹತ್ತಿ ಅದರ ಕಾಂಡದಿಂದ ರಸ ಸೋರಲು ಶುರುವಾಯಿತು. ಗಾಳಿ ಬಂದರೆ ಇಡೀ ಮರ ಕಿರುಗುಟ್ಟುತ್ತಿತ್ತಂತೆ. ಕಮಲಕ್ಕ ತಂಗಿಯ ಮನೆಗೆಂದು ದಂಡಿನಶಿವರಕ್ಕೆ ಹೋಗಿದ್ದ ದಿನ ಪರಮೇಶಣ್ಣ ಆಳು ಕರೆಸಿ ಅದನ್ನು ಕಡಿಸಿಬಿಟ್ಟರು. ಸಂಜೆ ಬಂದು ನೋಡಿದರೆ ಹಿತ್ತಲ ತುಂಬ ಬಿಸಿಲು.

"ಒಂದ್ ಮಾತು ಕೇಳಬೋದಿತ್ತಲ್ಲ ಸವಿತಾ" ಎಂದರು ಕಮಲಕ್ಕ. "ಫೋನಿತ್ತು. ಕೇಳಬೋದಿತ್ತು."

ಪರಮೇಶಣ್ಣನಿಗೂ ಅವರದೇ ಆದ ನ್ಯಾಯವಿತ್ತು. "ಅದು ಬಿದ್ದು ಇವಳೇ ಅಡಿಗಾಗಿದ್ರೆ? ಕೇಳಿದ್ರೆ ಬ್ಯಾಡ ಅಂತಾಳೆ ಅಂತ್ಲೇ ಕೇಳಲಿಲ್ಲ ಕಣಮ್ಮ" ಎಂದು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಟೀ ಕುಡಿಯುತ್ತಾ ನನಗೆ ಹೇಳಿದ್ದರು. ಇಬ್ಬರ ಮಾತೂ ನನಗೆ ಸರಿಯೆನ್ನಿಸಿತ್ತು. ಅದೇ ಕಷ್ಟವಾಗಿತ್ತು.

ಮಾತು ನಿಂತು ವರ್ಷವಾಗುವ ಹೊತ್ತಿಗೆ ಮೊಲ ಬಂತು. ತುರುವೇಕೆರೆಯಿಂದ ಬಂದ ಬಸ್ಸಿನ ಹಿಂದಿನ ಸೀಟಿನಲ್ಲಿ ಯಾರೋ ಒಂದು ಪ್ಲಾಸ್ಟಿಕ್ ಬುಟ್ಟಿ ಬಿಟ್ಟುಹೋಗಿದ್ದರು. ಅದರೊಳಗೆ ಬಿಳಿಯ ಮರಿ. ಪರಮೇಶಣ್ಣ ಬಸ್ಸಿನ ಹೆಸರುಗಳ ಜೊತೆಗೆ "ಮೊಲ ಯಾರ್ದು, ಮೊಲ ಯಾರ್ದಪ್ಪೋ" ಎಂದು ಕೂಗಿದ್ದೇ ಕೂಗಿದ್ದು. ಒಬ್ಬರೂ ಬರಲಿಲ್ಲ. ಸಂಜೆ ಬುಟ್ಟಿಯನ್ನು ಮನೆಗೆ ತಂದು ನಡುಮನೆಯಲ್ಲಿಟ್ಟು ಸುಮ್ಮನೆ ಕೂತರು. ಕಮಲಕ್ಕ ಬುಟ್ಟಿಯೊಳಗೆ ಬಗ್ಗಿ ನೋಡಿ, ಎಷ್ಟೋ ಹೊತ್ತಿನ ಮೇಲೆ ಮೊಲಕ್ಕೆ ಹೇಳಿದರಂತೆ: "ನಿನ್ನ ಎಲ್ಲಿಂದ ತಂದ್ರು? ಕೇಳು ಅವ್ರನ್ನ."

ಅಲ್ಲಿಂದ ಆ ಮನೆಯಲ್ಲಿ ಮತ್ತೆ ಮಾತು ಶುರುವಾಯಿತು. ಒಣಗಿದ ಕೊಬ್ಬರಿ ಬಟ್ಟಲಿನ ಒಳಮೈ ಹಾಗೆ ಬೆಳ್ಳಗಿದ್ದುದರಿಂದ ಅದಕ್ಕೆ ಕೊಬ್ರಿ ಎಂದು ಹೆಸರಿಟ್ಟಿದ್ದರು. ಬೆಳಗ್ಗೆ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುವಾಗ ಗೋಡೆಯಾಚೆಯಿಂದ ಕೇಳುತ್ತಿತ್ತು.

"ಕೊಬ್ರೀ, ಅವರಿಗೆ ಹೇಳು, ರೊಟ್ಟಿ ಆರೋಗ್ತಾ ಐತೆ."

"ಕೊಬ್ರೀ, ಬಂದೆ ಅನ್ನು. ಚಟ್ನಿಗೆ ಉಪ್ಪು ಮರ್ತವ್ಳೆ ಅಂತಾನೂ ಹೇಳು."

"ಕೊಬ್ರೀ, ಉಪ್ಪು ಡಬ್ಬಿ ಕಣ್ಣ ಮುಂದೇ ಐತೆ ಅಂತ ಹೇಳು."

ನನಗೆ ನಗು ತಡೆಯುತ್ತಿರಲಿಲ್ಲ. ಅವರು ಮಾತ್ರ ಇದನ್ನು ತಮಾಷೆಗೆಂದು ಮಾಡುತ್ತಿರಲಿಲ್ಲ. ಕೊಬ್ರಿ ಕೋಣೆಯಲ್ಲಿ ಇಲ್ಲದಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಅದು ಮಂಚದ ಕೆಳಗೆ ಹೊಕ್ಕರೆ ಪರಮೇಶಣ್ಣ ಬಗ್ಗಿ, ಗೆಣಸಿನ ಸೊಪ್ಪು ತೋರಿಸಿ ಹೊರಗೆ ಕರೆದು, ಆಮೇಲೆ ಹೇಳಬೇಕಾದ್ದನ್ನು ಹೇಳುತ್ತಿದ್ದರು. ನಾಲ್ಕೈದು ವರ್ಷ ಹೀಗೆಯೇ ನಡೆಯಿತು.

ಆ ಗಂಟಲಿಗೆ ಮೊಲ ಹೆದರದೆ ಇದ್ದದ್ದು ಹೇಗೆ ಎಂದು ನನಗೆ ಸೋಜಿಗವಾಗಿತ್ತು. ಕೊಬ್ರಿಗೆ ಹುಷಾರು ತಪ್ಪಿದಾಗಲೇ ಅದು ಗೊತ್ತಾದದ್ದು.

ಮಳೆಗಾಲ ಮುಗಿಯುತ್ತಿತ್ತು. ಕೊಬ್ರಿ ಮೊದಲು ಸೊಪ್ಪು ಮುಟ್ಟುವುದನ್ನು ಬಿಟ್ಟಿತು. ಹಿಕ್ಕೆ ಚಿಕ್ಕದಾಗುತ್ತಾ ಬಂದು ಒಂದು ದಿನ ನಿಂತೇಹೋಯಿತು. ಮೂಲೆಯಲ್ಲಿ ಬೆನ್ನು ಗೂನು ಮಾಡಿ, ಕಣ್ಣು ಅರ್ಧ ಮುಚ್ಚಿ ಕೂತಿರುತ್ತಿತ್ತು. ಪರಮೇಶಣ್ಣ ಅದೇ ಹಳೆಯ ಬುಟ್ಟಿಯಲ್ಲಿ ಅದನ್ನಿಟ್ಟುಕೊಂಡು ಮೆಡಿಕಲ್ ಶಾಪಿಗೇ ಬಂದುಬಿಟ್ಟರು. ನಾನು ಔಷಧಿ ಮಾರುವವಳಾದ್ದರಿಂದ ಎಲ್ಲ ಕಾಯಿಲೆಯೂ ನನಗೆ ಗೊತ್ತು ಎಂದು ಅವರ ನಂಬಿಕೆ. ನಾನು ಅವರನ್ನು ಪಶು ವೈದ್ಯರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರು ಒಳ್ಳೆಯವರು. "ನಾನು ಹಸು ಎಮ್ಮೆ ಕುರಿ ನೋಡೋನು, ಮೊಲ ಬರೋದು ಅಪರೂಪ" ಎಂದು ಮೊದಲೇ ಹೇಳಿ, ಬೆಂಗಳೂರಿನಲ್ಲಿ ಸಾಕುಪ್ರಾಣಿಗಳನ್ನು ನೋಡುವ ತಮ್ಮ ಸ್ನೇಹಿತರಿಗೆ ಫೋನ್ ಹಚ್ಚಿದರು. ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಕೊಬ್ರಿಯ ಬೆನ್ನ ಮೇಲಿನ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟರು. ಚರ್ಮ ಕೆಳಗಿಳಿಯದೆ ಹಾಗೆಯೇ ಮಡಿಕೆಯಾಗಿ ನಿಂತಿತ್ತು.

"ಮೈಯಲ್ಲಿ ನೀರೇ ಇಲ್ಲ" ಎಂದರು. ಮಾರನೆಯ ದಿನ ವರದಿ ಬಂದ ಮೇಲೆ ಇನ್ನೂ ಸ್ಪಷ್ಟವಾಗಿ ಹೇಳಿದರು: "ಕಿಡ್ನಿ ಸೋತಿದೆ. ವಾಸಿ ಆಗೋದಲ್ಲ ಇದು. ಆದರೆ ದಿನಾ ಎರಡು ಸಲ ಚರ್ಮದ ಕೆಳಗೆ ಸಲೈನ್ ಕೊಟ್ಟರೆ ಇನ್ನಷ್ಟು ದಿನ ನೆಮ್ಮದಿಯಾಗಿ ಇರುತ್ತೆ. ದಿನಾ ಇಲ್ಲಿಗೆ ತಂದರೆ ಆ ಓಡಾಟಕ್ಕೇ ಹೆದರಿ ಸಾಯುತ್ತೆ. ಮನೇಲೇ ಕೊಡೋಕಾಗುತ್ತಾ?"

ಪರಮೇಶಣ್ಣ ನನ್ನ ಮುಖ ನೋಡಿದರು. ನಾನು ಸಾವಿರಾರು ಸೂಜಿ ಮಾರಿದ್ದೆ. ಒಂದನ್ನೂ ಯಾರಿಗೂ ಚುಚ್ಚಿರಲಿಲ್ಲ. ಆದರೂ ತಲೆಯಾಡಿಸಿದೆ.

ಡಾಕ್ಟರು ನಮಗೆ ತೋರಿಸಿಕೊಟ್ಟರು. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಬೇಕು, ಕೈ ಮೇಲೆ ಒಂದು ಹನಿ ಬಿಟ್ಟುಕೊಂಡು ನೋಡಬೇಕು. ಹೆಗಲುಗಳ ನಡುವಿನ ಸಡಿಲು ಚರ್ಮವನ್ನು ಎತ್ತಿ ಹಿಡಿದರೆ ಸಣ್ಣ ಡೇರೆಯ ಹಾಗೆ ಆಗುತ್ತದೆ, ಸೂಜಿ ಆ ಡೇರೆಯೊಳಗೆ ಹೋಗಬೇಕು, ಮಾಂಸಕ್ಕಲ್ಲ. ಪೈಪಿನ ಗಾಲಿ ತಿರುಗಿಸಿದರೆ ನೀರು ಇಳಿಯುತ್ತದೆ. ಎಷ್ಟು ಕೊಡಬೇಕೋ ಅಷ್ಟಕ್ಕೆ ಬಾಟಲಿಯ ಮೇಲೆ ಪೆನ್ನಿನಲ್ಲಿ ಗೆರೆ ಎಳೆದುಕೊಟ್ಟರು. "ಬೆನ್ನ ಮೇಲೆ ನಿಂಬೆಹಣ್ಣಿನಷ್ಟು ಉಬ್ಬುತ್ತೆ, ಗಾಬರಿಯಾಗಬೇಡಿ. ಸ್ವಲ್ಪ ಹೊತ್ತಿಗೆ ಮೈಯೊಳಗೆ ಇಂಗುತ್ತೆ."

ಸಂಜೆ ನಾನು ಅಂಗಡಿಯಿಂದ ಬರುವಷ್ಟರಲ್ಲಿ ನಡುಮನೆಯ ಗೋಡೆಯಲ್ಲಿದ್ದ ಕ್ಯಾಲೆಂಡರ್ ಇಳಿದು, ಅದೇ ಮೊಳೆಗೆ ಬಾಟಲಿ ತೂಗುತ್ತಿತ್ತು. ಪರಮೇಶಣ್ಣ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ, ತೊಡೆಯ ಮೇಲೆ ಟವೆಲು ಹಾಸಿ, ಕೊಬ್ರಿಯನ್ನು ಕೂರಿಸಿಕೊಂಡಿದ್ದರು. ಕಮಲಕ್ಕ ಪೈಪು ಹಿಡಿದು ನಿಂತಿದ್ದರು. ಸೂಜಿ ನನ್ನ ಕೈಯಲ್ಲಿ.

"ಕೊಬ್ರೀ" ಎಂದರು ಕಮಲಕ್ಕ, "ತಲೆ ಬಲಗಡಿಕ್ಕೆ ಹಿಡ್ಕೊಬೇಕಂತೆ ಅಂತ ಹೇಳು."

"ಕೊಬ್ರೀ, ನಂಗೂ ಗೊತ್ತೈತೆ ಅನ್ನು."

ಅದು ಸಾಯುವ ಸ್ಥಿತಿಯಲ್ಲಿದ್ದಾಗಲೂ ಅದಕ್ಕೆ ಈ ಮಾತು ದಾಟಿಸುವ ಕೆಲಸ ತಪ್ಪಿರಲಿಲ್ಲ. ನಾನು ಚರ್ಮ ಎತ್ತಿ ಸೂಜಿ ಚುಚ್ಚಿದೆ. ಗಾಲಿ ತಿರುಗಿಸಿದ ಕೂಡಲೇ ನೀರು ಪಿಚಕಾರಿಯ ಹಾಗೆ ಪರಮೇಶಣ್ಣನ ಎದೆಗೆ ಹಾರಿತು. ಸೂಜಿ ಡೇರೆಯ ಈ ಬದಿಯಿಂದ ಹೊಕ್ಕು ಆ ಬದಿಗೆ ಹೊರಬಿದ್ದಿತ್ತು. ಪರಮೇಶಣ್ಣ ಒದ್ದೆ ಶರಟನ್ನು ನೋಡಿಕೊಂಡು, "ಇರ್ಲಿ ಬುಡಮ್ಮ, ನನಗೂ ಒಂದೀಟು ಶಕ್ತಿ ಬೇಕಾಗಿತ್ತು" ಎಂದರು. ಎರಡನೆಯ ಸಲ ಸರಿಯಾಗಿ ಹೋಯಿತು.

ನೀರು ನಿಧಾನಕ್ಕೆ ಇಳಿಯತೊಡಗಿತು. ಕೊಬ್ರಿ ನಡುಗುತ್ತಿತ್ತು. ಆಗ ಪರಮೇಶಣ್ಣ ಬಗ್ಗಿ, ಅದರ ಉದ್ದ ಕಿವಿಯ ಹತ್ತಿರ ಬಾಯಿಟ್ಟು, ಏನನ್ನೋ ಹೇಳಲು ಶುರು ಮಾಡಿದರು. ಅಷ್ಟು ಮೆಲ್ಲಗೆ ಅವರು ಮಾತಾಡಬಲ್ಲರೆಂದು ನಾನು ಎಣಿಸಿರಲೇ ಇಲ್ಲ. ಕಿವಿಗೊಟ್ಟು ಕೇಳಿದೆ. ಬಸ್ಸಿನ ಊರುಗಳು. ತಿಪಟೂರಿನಿಂದ ಹೊರಟು, ದಾರಿಯ ಒಂದೊಂದೇ ಹಳ್ಳಿ, ಒಂದೊಂದೇ ಗೇಟು, ಕೆರೆ ಏರಿ, ತೋಟದ ತಿರುವು, ಅಲ್ಲಿ ಇಳಿಯುವವರು, ಅಲ್ಲಿ ಹತ್ತುವವರು. "ಇಲ್ಲಿ ನಿಂಗಜ್ಜಿ ಇಳೀತಾಳೆ, ಮಂಡಿನೋವು ಅವಳ್ಗೆ, ತಡಿ, ನಿಧಾನಕ್ಕೆ ಇಳೀಲಿ... ಹೂಂ, ಹೊರಟ್ವಿ. ಇಲ್ಲಿ ಗುಂಡಿ ಐತೆ, ಭದ್ರ..." ಕೊಬ್ರಿಯ ನಡುಕ ಕಡಿಮೆಯಾಯಿತು. ಬಾಟಲಿಯ ನೀರು ಪೆನ್ನಿನ ಗೆರೆ ಮುಟ್ಟುವ ಹೊತ್ತಿಗೆ ಅವರ ಬಸ್ಸು ತುರುವೇಕೆರೆ ಸೇರಿತ್ತು. ಕಮಲಕ್ಕ ಪೈಪು ಹಿಡಿದುಕೊಂಡೇ ಗಂಡನ ನೆತ್ತಿಯನ್ನು ನೋಡುತ್ತಿದ್ದರು. ಅವರ ಮುಖದಲ್ಲಿ ಏನಿತ್ತೆಂದು ನನಗೆ ಹೇಳಲು ಬರುವುದಿಲ್ಲ.

ಆಮೇಲೆ ಅದು ದಿನದ ಕೆಲಸವಾಯಿತು. ಬೆಳಗ್ಗೆ ಅಂಗಡಿಗೆ ಹೋಗುವ ಮೊದಲೊಮ್ಮೆ, ಸಂಜೆ ಬಂದ ಮೇಲೊಮ್ಮೆ. ಕಮಲಕ್ಕ ಕೊತ್ತಂಬರಿ, ದಂಟು, ಗರಿಕೆ ಎಲ್ಲವನ್ನೂ ಅರೆದು ಸೋಸಿ, ಸೂಜಿ ತೆಗೆದ ಸಿರಿಂಜಿನಲ್ಲಿ ತುಂಬಿ, ಕೊಬ್ರಿಯ ಬಾಯಿಯ ಪಕ್ಕದಿಂದ ತೊಟ್ಟು ತೊಟ್ಟಾಗಿ ಕುಡಿಸುತ್ತಿದ್ದರು. ಅದು ನುಂಗಿದರೆ ತಾವೂ ಗಂಟಲು ಆಡಿಸುತ್ತಿದ್ದರು. ವಾರದೊಳಗೆ ಕೊಬ್ರಿ ತಲೆಯೆತ್ತಿತು. ಹಿಕ್ಕೆ ಹಾಕಿತು. ಪರಮೇಶಣ್ಣ ಆ ಹಿಕ್ಕೆಯನ್ನು ಕಾಗದದ ಮೇಲಿಟ್ಟುಕೊಂಡು ಬಂದು ಗೋಡೆಯಾಚೆಯಿಂದ ನನಗೆ ತೋರಿಸಿದರು. ರಾಗಿ ಹೊಲದ ಮೊದಲ ತೆನೆ ತಂದು ತೋರಿಸುವ ಹಾಗೆ.

ಒಂದು ಸಂಜೆ ಅಂಗಡಿಗೆ ಮಾಲು ಬಂದು, ಎಣಿಸಿ ಇಡುವುದರಲ್ಲಿ ನನಗೆ ತಡವಾಯಿತು. ಫೋನ್ ಮಾಡೋಣವೆಂದರೆ ಚಾರ್ಜ್ ಇರಲಿಲ್ಲ. ಓಡುತ್ತಲೇ ಬಂದೆ. ಅವರ ಬಾಗಿಲು ತೆರೆದಿತ್ತು. ಚಪ್ಪಲಿ ಬಿಡಲು ಬಗ್ಗಿದವಳು ಅಲ್ಲೇ ನಿಂತೆ.

"ಅಲ್ಲಾಡಿಸ್ಬ್ಯಾಡ್ರೀ. ನಿಮ್ಮ ಕೈಯೇ ನಡುಗ್ತಾ ಐತೆ."

"ನಂದಲ್ಲ ಕಣೇ, ಅದು ನಡುಗ್ತಿರೋದು."

"ಅದು ಸುಮ್ನೆ ಐತೆ. ನೀವೇ. ಚರ್ಮ ಇನ್ನೊಂಚೂರು ಎತ್ರಿ. ಹಂಗಲ್ಲ, ಹಿಂಗೆ."

"ಹಿಂಗಾ?"

"ಹೂಂ. ಉಸಿರು ಬುಡ್ರಿ ಈಗ, ಹೋಯ್ತು ಒಳಕ್ಕೆ."

ಚಾಪೆಯ ಮೇಲೆ ಅವರಿಬ್ಬರೂ ಮಂಡಿಗೆ ಮಂಡಿ ತಾಗಿಸಿ ಕೂತಿದ್ದರು. ಸೂಜಿ ಕಮಲಕ್ಕನ ಕೈಯಲ್ಲಿತ್ತು. ಇಬ್ಬರಿಗೂ ತಾವು ನೇರ ಮಾತಾಡುತ್ತಿದ್ದೇವೆ ಎಂಬುದರ ಮೇಲೆ ಗಮನವೇ ಇರಲಿಲ್ಲ. ನಾನು ಸದ್ದಿಲ್ಲದೆ ಚಪ್ಪಲಿ ಮೆಟ್ಟಿಕೊಂಡು ನಮ್ಮ ಮನೆಗೆ ಬಂದು ಅಡುಗೆಮನೆಯಲ್ಲಿ ನಿಂತು ಅತ್ತೆ. ಯಜಮಾನರು "ಮೊಲ ಹೋಯ್ತಾ?" ಎಂದು ಕೇಳಿದರು. ಇಲ್ಲವೆಂದು ತಲೆಯಾಡಿಸಿದೆ.

ಮಾರನೆಯ ದಿನದಿಂದ ಸೂಜಿಯ ಕೆಲಸ ಕಮಲಕ್ಕನದೇ ಆಯಿತು. ನನ್ನನ್ನು ಯಾರೂ ಬೇಡವೆನ್ನಲಿಲ್ಲ. ನಾನೇ ಏನಾದರೂ ನೆಪ ಹೇಳಿ ತಡ ಮಾಡಿ ಹೋಗುತ್ತಿದ್ದೆ. ಬಾಟಲಿ ಇಳಿಯುವಷ್ಟು ಹೊತ್ತು ಅವರ ನಡುವೆ ಮಾತಿರುತ್ತಿತ್ತು. ಬಾಟಲಿ ಸ್ವಲ್ಪ ಮೇಲೆತ್ತಿ, ಗಾಲಿ ಕಮ್ಮಿ ಮಾಡು, ನಿನ್ನೆಗಿಂತ ಇವತ್ತು ಬೇಗ ಇಂಗಿತು, ಕಿವಿ ಬೆಚ್ಚಗಿದೆಯಾ ನೋಡು. ಅದಕ್ಕಿಂತ ಹೆಚ್ಚಿನದೇನೂ ಇಲ್ಲ. ಸೂಜಿ ತೆಗೆದು ಹತ್ತಿ ಒತ್ತಿದ ಮೇಲೆ ಮತ್ತೆ, "ಕೊಬ್ರೀ, ಅವರಿಗೆ ಹೇಳು, ಊಟಕ್ಕಾಗೈತೆ."

ದೀಪಾವಳಿ ಹತ್ತಿರ ಬಂದಾಗ ಪರಮೇಶಣ್ಣ ಬೀದಿಯ ಎಲ್ಲ ಮನೆಗಳಿಗೂ ಹೋಗಿ, ಮಕ್ಕಳನ್ನು ಕರೆದು, ನಮ್ಮ ಬೀದಿಯಲ್ಲಿ ಪಟಾಕಿ ಹೊಡೆಯಬೇಡಿ ಎಂದು ಬೇಡಿಕೊಂಡರು. "ನೀವ್ ಕೂಗಿದ್ರೆ ಪಟಾಕಿಗಿಂತ ಜೋರಿರ್ತದಲ್ಲಣ್ಣ" ಎಂದು ಎದುರುಮನೆಯವರು ನಕ್ಕರು. "ಅದಕ್ಕೇ ಮನೇಲಿ ಕೂಗಲ್ಲ" ಎಂದರು ಪರಮೇಶಣ್ಣ, ನಗದೆ. ಮಕ್ಕಳು ಪಟಾಕಿ ಹೊಡೆಯಲು ರೈಲ್ವೆ ಸ್ಟೇಷನ್ ಕಡೆಗೆ ಹೋದರು.

ಹಬ್ಬ ಕಳೆದ ಮೇಲೆ ಕೊಬ್ರಿಯ ಆರೋಗ್ಯ ಮತ್ತೆ ಇಳಿಯಿತು. ಅರೆದ ಸೊಪ್ಪು ಬಾಯಿಯ ಅಂಚಿನಿಂದ ಹೊರಗೆ ಹರಿಯುತ್ತಿತ್ತು. ಹಿಂಗಾಲು ಎತ್ತಿಡಲು ಆಗುತ್ತಿರಲಿಲ್ಲ. ಎಲ್ಲಕ್ಕಿಂತ ಕಷ್ಟವಾದದ್ದು ಬೆನ್ನ ಮೇಲಿನ ಉಬ್ಬು. ಬೆಳಗ್ಗೆ ಕೊಟ್ಟ ನೀರು ಸಂಜೆಯಾದರೂ ಇಂಗದೆ, ಚರ್ಮದ ಕೆಳಗೇ ಜಾರಿ ಎದೆಯ ಹತ್ತಿರ ಜೋಲುತ್ತಿತ್ತು. ಮುಟ್ಟಿದರೆ ನೀರಿನ ಚೀಲ ಮುಟ್ಟಿದ ಹಾಗಾಗುತ್ತಿತ್ತು. ಡಾಕ್ಟರೇ ಸ್ಕೂಟರಿನಲ್ಲಿ ಮನೆಗೆ ಬಂದು ನೋಡಿದರು. ತುಂಬ ಹೊತ್ತು ಎದೆಗೆ ಸ್ಟೆತಾಸ್ಕೋಪ್ ಇಟ್ಟಿದ್ದರು.

"ನೀರು ಇನ್ನು ಒಳಗೆ ಹೋಗ್ತಿಲ್ಲ" ಎಂದರು. "ಕೊಟ್ಟಷ್ಟೂ ಅದಕ್ಕೆ ಭಾರ. ಇನ್ನು ಚುಚ್ಚೋದರಲ್ಲಿ ಅರ್ಥ ಇಲ್ಲ, ನಿಲ್ಲಿಸಿಬಿಡಿ. ತೀರಾ ಒದ್ದಾಡಿದರೆ ನನಗೆ ಹೇಳಿ, ನೋವಿಲ್ಲದೆ ಮಲಗಿಸೋ ಇಂಜೆಕ್ಷನ್ ಇದೆ."

"ನೀರೂ ಬ್ಯಾಡ ಅಂದ್ರೆ ಹೆಂಗೆ ಸಾರ್!"

ಆ ಮನೆಯೊಳಗೆ ಬಸ್‌ಸ್ಟ್ಯಾಂಡಿನ ಗಂಟಲು ನನಗೆ ಕೇಳಿದ್ದು ಅದೊಂದೇ ಸಲ. ಕೊಬ್ರಿಯ ಕಿವಿಗಳು ಪಟಪಟನೆ ಅಲುಗಿದವು. ಪರಮೇಶಣ್ಣ ತಕ್ಷಣ ಅಂಗೈಯಿಂದ ಬಾಯಿ ಮುಚ್ಚಿಕೊಂಡರು. ಡಾಕ್ಟರು ತಲೆತಗ್ಗಿಸಿದರು. ಮೊಳೆಗೆ ತೂಗುತ್ತಿದ್ದ ಬಾಟಲಿಯಲ್ಲಿ ಅರ್ಧ ನೀರು ಇನ್ನೂ ಇತ್ತು. ಪರಮೇಶಣ್ಣ ಅದನ್ನೇ ನೋಡುತ್ತಾ ಇದ್ದು, ಕೊನೆಗೆ ಹೆಂಡತಿಯ ಕಡೆಗೆ ತಿರುಗಿದರು.

"ಕಮಲ, ಏನ್ ಮಾಡಾನ? ನೀನು ಹೇಳು. ನೀನು ಹೆಂಗಂತೀಯೋ ಹಂಗೆ."

ಕಮಲಕ್ಕ ಸೀರೆಯ ಸೆರಗಿನಿಂದ ಕೊಬ್ರಿಯ ಬಾಯಿ ಒರೆಸಿದರು. ಆಮೇಲೆ ತಲೆಯೆತ್ತದೆ ಹೇಳಿದರು:

"ಅವತ್ತೂ ಹಿಂಗೇ ಕೇಳಿದ್ರೆ, ನಾನೂ ಕಡೀರಿ ಅಂತಿದ್ನೇನೋ."

ಪರಮೇಶಣ್ಣನ ಮೀಸೆ ಅದುರಿತು. "ಕೇಳ್ಬೇಕಿತ್ತು ಕಣೇ" ಎಂದರು.

ಡಾಕ್ಟರು ಏನೂ ಅರ್ಥವಾಗದೆ ನನ್ನ ಮುಖ ನೋಡಿದರು. ಕಮಲಕ್ಕ, "ಸಾಕು ಸಾರ್. ಇನ್ನು ಚುಚ್ಚಲ್ಲ. ನನ್ನ ತೊಡೆ ಮೇಲೆ ಇರ್ಲಿ" ಎಂದರು. ಪರಮೇಶಣ್ಣ ಎದ್ದು ಬಾಟಲಿಯನ್ನು ಮೊಳೆಯಿಂದ ಇಳಿಸಿದರು.

ಮಾರನೆಯ ದಿನ ಬಸ್‌ಸ್ಟ್ಯಾಂಡಿನಲ್ಲಿ ಕೂಗುವವರಿರಲಿಲ್ಲ. ಜನ ಬೋರ್ಡು ಓದಲು ಬಸ್ಸಿನಿಂದ ಬಸ್ಸಿಗೆ ಓಡಾಡುತ್ತಿದ್ದರು. ಮಧ್ಯಾಹ್ನ ಊಟದ ಹೊತ್ತಿಗೆ ನಾನು ಮನೆಗೆ ಬಂದೆ. ಕಮಲಕ್ಕನ ತೊಡೆಯ ಮೇಲೆ ಟವೆಲು, ಟವೆಲಿನ ಮೇಲೆ ಕೊಬ್ರಿ. ಪಕ್ಕದಲ್ಲಿ ಪರಮೇಶಣ್ಣ ಅದರ ಮುಂಗಾಲನ್ನು ಎರಡು ಬೆರಳಿನ ನಡುವೆ ಹಿಡಿದು ಕೂತಿದ್ದರು. ಕಿಟಕಿಯಿಂದ ಬಿಸಿಲು ಬಿದ್ದು ಕೊಬ್ರಿಯ ಕಿವಿಯೊಳಗಿನ ಸಣ್ಣ ಸಣ್ಣ ನರಗಳೆಲ್ಲ ಕಾಣುತ್ತಿದ್ದವು. ನಾನು ನೋಡುತ್ತಿದ್ದ ಹಾಗೆಯೇ ಅದು ಒಮ್ಮೆ ಕಾಲು ಚಾಚಿತು, ದೀರ್ಘವಾಗಿ ಉಸಿರೆಳೆದುಕೊಂಡಿತು, ಅಷ್ಟೇ. ಗೊತ್ತಾಗಲು ನಮಗೆ ಸ್ವಲ್ಪ ಹೊತ್ತು ಬೇಕಾಯಿತು.

ಹಿತ್ತಲಿನ ಕರಿಬೇವಿನ ಗಿಡದ ಹತ್ತಿರ ಪರಮೇಶಣ್ಣನೇ ಗುಂಡಿ ತೋಡಿದರು. ಕಮಲಕ್ಕ ಟವೆಲಿನಲ್ಲಿ ಸುತ್ತಿ ಕೊಟ್ಟರು. ಮಣ್ಣು ಮುಚ್ಚುವಾಗ ಇಬ್ಬರೂ ಒಂದು ಮಾತೂ ಆಡಲಿಲ್ಲ. ಹೇಳು ಎನ್ನಲು ಈಗ ಯಾರೂ ಇರಲಿಲ್ಲ.

ಕೆಲವು ದಿನಗಳ ಮೇಲೆ ಪರಮೇಶಣ್ಣ, ಬಳಸದೆ ಉಳಿದಿದ್ದ ಎರಡು ಬಾಟಲಿಗಳನ್ನು ತಂದು ಅಂಗಡಿಯ ಕಟ್ಟೆಯ ಮೇಲಿಟ್ಟರು. "ಯಾರಿಗಾದ್ರೂ ಆಗ್ತದೆ, ಆ ಡಾಕ್ಟರಿಗೆ ಕೊಡಮ್ಮ" ಎಂದರು. ಹೋಗಲಿಲ್ಲ. ಗಿರಾಕಿಗಳೆಲ್ಲ ಹೋಗುವವರೆಗೆ ನಿಂತಿದ್ದು, ದನಿ ತಗ್ಗಿಸಿ ಕೇಳಿದರು:

"ಸವಿತಮ್ಮ, ನಿಮ್ಮಕ್ಕನ ಹತ್ರ ಏನ್ ಮಾತಾಡೋದು?"

"ಯಾಕಣ್ಣ, ಮತ್ತೆ ಮಾತು ಬಿಟ್ಟಿದೀರಾ?"

"ಇಲ್ಕಣಮ್ಮ. ಊಟಕ್ಕೆ ಬರ್ರೀ ಅಂತಾಳೆ. ಬಂದೆ ಅಂತೀನಿ. ಜಗಳ ಇಲ್ಲ. ಆದ್ರೆ ಎದುರುಬದುರು ಕೂತ್ರೆ ಬಾಯಿಗೆ ಏನೂ ಬರಾಕಿಲ್ಲ. ಅಭ್ಯಾಸಾನೇ ತಪ್ಪೋಗೈತೆ. ಬಾಟ್ಲಿ ಇಳಿಯೋ ಹೊತ್ತಿಗೆ ಸರಿಯಾಗಿ ಇಬ್ರೂ ನಡುಮನೇಲಿ ಬಂದು ಕೂತ್ಕೊತೀವಿ. ಕೂತ್ಕೊಂಡು ಗೋಡೆ ನೋಡ್ತೀವಿ."

"ಬಸ್‌ಸ್ಟ್ಯಾಂಡಿನ ಸುದ್ದಿ ಹೇಳಿ ಅಣ್ಣ. ಅವರು ಮನೆಯಿಂದ ಹೊರಗೆ ಹೋಗೋದೇ ಕಮ್ಮಿ" ಎಂದೆ, ಬಾಯಿಗೆ ಬಂದದ್ದನ್ನು.

ಅವರು ಅದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡರೆಂದರೆ, ಅವತ್ತಿನಿಂದಲೇ ಸಂಜೆ ಗೋಡೆಯಾಚೆ ಅವರ ಮೆಲುದನಿ ಕೇಳತೊಡಗಿತು. ಚಿಕ್ಕನಾಯಕನಹಳ್ಳಿ ಬಸ್ಸಿನ ಟೈರು ಪಂಕ್ಚರ್ ಆದದ್ದು, ಅಮ್ಮಸಂದ್ರದ ಹೆಂಗಸೊಬ್ಬಳು ಕೋಳಿಗೂ ಸೀಟು ಕೇಳಿ ಜಗಳವಾಡಿದ್ದು, ಮದುವೆ ದಿಬ್ಬಣವೊಂದು ತಪ್ಪು ಬಸ್ಸು ಹತ್ತಿದ್ದು. ಕಮಲಕ್ಕ ಏನೂ ಹೇಳುತ್ತಿರಲಿಲ್ಲ. ಮಧ್ಯೆ ಮಧ್ಯೆ "ಹೂಂ" ಎನ್ನುವುದು ಮಾತ್ರ ಕೇಳುತ್ತಿತ್ತು. ಒಮ್ಮೊಮ್ಮೆ ಆ "ಹೂಂ" ನಗುವಿನ ಹತ್ತಿರ ಬರುತ್ತಿತ್ತು. ಇನ್ನು ಸ್ವಲ್ಪ ದಿನ, ಆಕೆಯೂ ಮಾತಾಡುತ್ತಾರೆ ಎಂದು ನಾನು ಯಜಮಾನರಿಗೆ ಹೇಳಿದ್ದೆ.

ಬೇಸಿಗೆಯಲ್ಲಿ ನಾನು ತುರುವೇಕೆರೆಗೆ ಒಂದು ಗೃಹಪ್ರವೇಶಕ್ಕೆ ಹೋಗಬೇಕಿತ್ತು. ಬಸ್ಸು ತುಂಬಿತ್ತು. ಪರಮೇಶಣ್ಣ ಕಿಟಕಿಯ ಪಕ್ಕದ ಸೀಟಿಗೆ ಮೊದಲೇ ತಮ್ಮ ಟವೆಲು ಹಾಕಿ ನನಗೆಂದು ಹಿಡಿದಿಟ್ಟಿದ್ದರು. "ಕೂತ್ಕೊಳಮ್ಮ. ಸಂಜೆ ಬೇಗ ಬಾ. ನಿಮ್ಮಕ್ಕ ನಿನ್ನೆ ಒಂದ್ ಪ್ರಶ್ನೆ ಕೇಳಿದ್ಲು ಗೊತ್ತಾ?" ಎಂದರು. ಮುಖ ಅರಳಿತ್ತು. "ಆ ಕೋಳಿ ಹೆಂಗಸು ಮತ್ತೆ ಬಂದಿದ್ಲಾ ಅಂತ!" ನಾನು ಏನಾದರೂ ಹೇಳುವುದರೊಳಗೆ ಬಸ್ಸಿನ ಬೆನ್ನಿಗೆ ಎರಡು ಸಲ ಬಡಿದರು. ಬಸ್ಸು ಹೊರಟಿತು.

ಸಂಜೆ ನಾನು ವಾಪಸು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ಕೂಗುತ್ತಾ ಕೂಗುತ್ತಾ ಎದೆ ಹಿಡಿದುಕೊಂಡು ಕೂತವರು ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿದ್ದರು.

ದಂಡಿನಶಿವರದಿಂದ ತಂಗಿಯ ಮನೆಯವರು ಬರಬೇಕೆಂದು ಮಣ್ಣು ಮಾಡುವುದನ್ನು ಮಾರನೆಯ ಬೆಳಗ್ಗೆಗೆ ಇಟ್ಟರು. ನಮ್ಮ ಕಡೆಯ ಪದ್ಧತಿಯಂತೆ ಅವರನ್ನು ನಡುಮನೆಯಲ್ಲಿ ಗೋಡೆಗೊರಗಿಸಿ ಕೂರಿಸಿದ್ದರು. ಹಣೆಯ ಮೇಲೆ ವಿಭೂತಿ ಮೂರು ಗೆರೆಯೂ ಪೂರ್ತಿಯಾಗಿತ್ತು. ಕೊರಳ ತುಂಬ ಹೂವು. ಬಸ್ಸಿನವರು, ಹೋಟೆಲಿನವರು, ಅವರು ಎಂದೋ ಕೈಹಿಡಿದು ಬಸ್ಸು ಹತ್ತಿಸಿದ ಮುದುಕಿಯರು, ಬೀದಿ ತುಂಬ ಜನ.

ಕಮಲಕ್ಕ ಅವರ ಎದುರು ಕೂತು ಮಾತಾಡುತ್ತಿದ್ದರು. ಅಳುತ್ತಾ ಹಾಡಿಕೊಳ್ಳುವುದಲ್ಲ, ಬರೀ ಮಾತು. "ನಿಮ್ಮ ನೀಲಿ ಶ್ಯರ್ಟಿಗೆ ಗುಂಡಿ ಹಾಕಿಟ್ಟಿದೀನಿ ರೀ, ಬೀರು ಕೆಳಗಿನ ಖಾನೇಲೈತೆ. ಹೋದ ಮಳೇಲಿ ಅಡಿಗೆಮನೆ ಸೂರು ಸೋರ್ತು, ನಾನು ಹೇಳಲಿಲ್ಲ. ನನ್ನ ಮಂಡಿನೋವಿಗೆ ಎಣ್ಣೆ ತಂದಿಟ್ಟಿದ್ರಲ್ಲ, ನೀವೇ ಅಂತ ಗೊತ್ತಿತ್ತು, ಹಚ್ಕೊತಿದ್ದೆ. ಮಗೂಗೆ ನಿಮ್ಮದೇ ಹುಬ್ಬಿತ್ತು, ನಿಮ್ಗೆ ಹೇಳಿದ್ನಾ?" ತಂಗಿ ಬಂದು ಹೆಗಲು ಹಿಡಿದು ಏಳಿಸಲು ನೋಡಿದಳು. "ಬುಡೇ" ಎಂದು ಕೈ ತಳ್ಳಿ ಮತ್ತೆ ಮುಂದುವರಿಸಿದರು.

ಹೊತ್ತಾಯಿತೆಂದು ಬಸ್‌ಸ್ಟ್ಯಾಂಡಿನವರು ಎತ್ತಲು ಬಗ್ಗಿದರು. ಕಮಲಕ್ಕ ಕೈ ಅಡ್ಡ ಹಿಡಿದರು.

"ಒಂದ್ನಿಮಿಷ ತಡೀರಪ್ಪ. ಇನ್ನೊಂದ್ ಮಾತೈತೆ."

ಅವರೆಲ್ಲ ಹಿಂದೆ ಸರಿದು ನಿಂತರು. ಜಂಗಮರೂ ಮಂತ್ರ ನಿಲ್ಲಿಸಿದರು. ಕಮಲಕ್ಕ ಗಂಡನ ಮುಖ ನೋಡುತ್ತಾ ಕೂತರು. ತುಟಿ ಅಲುಗಿತು, ನಿಂತಿತು. ಕೊರಳ ಹಾರದಿಂದ ಒಂದು ಬಾಡಿದ ಹೂವು ಕಿತ್ತು ತೆಗೆದರು. ನಾವು ಕಾದೆವು. ಹೊರಗೆ ಬೀದಿಯವರೂ ಕಾಯುತ್ತಿದ್ದರು.

"ಆಯ್ತು" ಎಂದರು ಕೊನೆಗೆ, ಅಡ್ಡ ಹಿಡಿದ ಕೈ ತೆಗೆದು. "ಕರ್ಕೊಂಡೋಗಿ."